ಯೌವನದ ಒಬ್ಬ ಸ್ನೇಹಿತನು

ಬಾಲ್ಯವು ಕಳೆದು ಯೌವನವು ಇನ್ನೂ ತುಂಬದ ಪ್ರಾಯದಲ್ಲಿ ಮಕ್ಕಳು ಮಾಡಿಕೊಳ್ಳುವ ಸ್ನೇಹವನ್ನು ಅನೇಕ ತಂದೆತಾಯಿಗಳು ಹುಡುಗಾಟವೆಂದು ಎಣಿಸುತ್ತಾರೆ. ದೇವರ ವಾಕ್ಯವು ಹಾಗೆ ಎಣಿಸುವದಿಲ್ಲ. ಸಮುವೇಲನ ಮೊದಲನೆಯ ಪುಸ್ತಕದ 18ನೆಯ ಅಧ್ಯಾಯವನ್ನು ತೆರೆದು ನೋಡಿರಿ.

ಗೊಲ್ಯಾತನನ್ನು ಕೊಂದ ದಾವೀದನಿಗೆ ಅಲ್ಲಿ ಎರಡು ಸಂಗತಿಗಳು ದೊರಕಿದವು. ಒಂದು, ಊರೂರಿನ ಹೊಗಳಿಕೆ. ಸ್ತ್ರೀಯರು ದಮ್ಮಡಿ ಬಡಿದು ಅವನ ಹೆಸರನ್ನು ಹಾಡಿದರು. ಇನ್ನೊಂದು, ಯೋನಾತಾನನೆಂಬ ಒಬ್ಬ ಸ್ನೇಹಿತನು. ಹೊಗಳಿಕೆಯಿಂದ ಸೌಲನ ಹೊಟ್ಟೆಕಿಚ್ಚು ಹುಟ್ಟಿ ಈಟಿಯು ಹಾರಿತು. ಸ್ನೇಹದಿಂದಲೋ ಪ್ರಾಣವು ಉಳಿಯಿತು. ದಾವೀದನು ಅಡವಿಯಲ್ಲಿ ಅಡಗಿದ್ದಾಗ ಹಾಡಿದವರಲ್ಲಿ ಒಬ್ಬರಾದರೂ ಬಂದರೆಂದು ಬರೆದಿಲ್ಲ. ಯೋನಾತಾನನು ಬಂದು ಅವನನ್ನು ದೇವರಲ್ಲಿ ಬಲಪಡಿಸಿದನು.

ಈಗಿನ ಪಂಡಿತರೂ ಇದಕ್ಕೆ ಹೊಂದುವ ಮಾತನ್ನು ಹೇಳುತ್ತಾರೆ. ಅಮೇರಿಕಾದ ವರ್ಜೀನಿಯಾ ವಿಶ್ವವಿದ್ಯಾಲಯದವರು 169 ಮಕ್ಕಳನ್ನು 15ನೆಯ ವಯಸ್ಸಿನಿಂದ 25ರ ವರೆಗೆ ವಿಚಾರಿಸುತ್ತಾ ಬಂದು, ಕಂಡದ್ದನ್ನು 2017ರಲ್ಲಿ ಪ್ರಕಟಿಸಿದರು. ಹದಿನೈದು ಹದಿನಾರರಲ್ಲಿ ಆಪ್ತ ಸ್ನೇಹವಿದ್ದವರಿಗೆ 25ರ ಹೊತ್ತಿಗೆ ದುಗುಡವೂ ಜನರ ಮುಂದಿನ ಅಂಜಿಕೆಯೂ ಇಳಿದು, ತಾವು ಬೆಲೆಯುಳ್ಳವರೆಂಬ ಭಾವವು ಏರಿತ್ತು. ಗುಂಪಿನಲ್ಲಿ ಮೆಚ್ಚಿಕೆ ಪಡೆದವರಿಗಾದರೋ ಆ ಅಂಜಿಕೆಯು ಹೆಚ್ಚಿತ್ತು. ಒಂದೇ ವಿಚಾರಣೆಯಿಂದ ಎಲ್ಲವೂ ಸ್ಥಾಪನೆಯಾಗದು. ಆದರೂ ನಾವು ಅದನ್ನು ಅಲಕ್ಷ್ಯ ಮಾಡಬಾರದು.

ಯಾಕಂದರೆ ಚೆಂಡಿಯಾದವರಾದ ನಮಗೆ ಈ ಮಾತು ದೂರದ್ದಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಸ್ತಿವಾರದ ಕಲ್ಲು ಇಡಲ್ಪಟ್ಟಿತು. 2005ರಲ್ಲಿ ಕದಂಬ ನೆಲೆಯು ಕಾರ್ಯಾರಂಭ ಮಾಡಿತು. ಅದಕ್ಕಾಗಿ ಅರ್ಗಾ, ಚೆಂಡಿಯಾ ಮೊದಲಾದ ಊರುಗಳ ನೆಲವು ಹೋಗಿ, ಕಾರವಾರ ಅಂಕೋಲೆಗಳ ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ಹೊಲಕ್ಕೂ ಮನೆಗೂ ಬೆಲೆ ಕಟ್ಟುವದುಂಟು. ಒಂದೇ ದಂಡೆಯಲ್ಲಿ ಆಡಿ ಬೆಳೆದ ಗೆಳೆಯರ ಅಗಲಿಕೆಗೆ ಬೆಲೆ ಕಟ್ಟುವವರು ಯಾರು? ಆಗಿನ ಹುಡುಗರು ಈಗ ನಡುವಯಸ್ಸಿನವರು. ಅವರಲ್ಲಿ ಒಬ್ಬನು ಮನೆಯ ಮೂಲೆಯಲ್ಲಿ ಸುಮ್ಮನೆ ಕೂತರೆ ಸೋಮಾರಿಯೆಂದು ಜರೆಯಬೇಡಿರಿ. ಹತ್ತಿರ ಕೂತು ಮಾತಾಡಿಸಿರಿ.

ತಂದೆತಾಯಿಗಳೇ, ನಿಮ್ಮ ಮಗನಾಗಲಿ ಮಗಳಾಗಲಿ ಹತ್ತು ಜನರ ಬಾಯಲ್ಲಿ ಹೊಗಳಿಸಿಕೊಳ್ಳಬೇಕೆಂದು ಒತ್ತಾಯಿಸಬೇಡಿರಿ. ಮನಸ್ಸು ಬಿಚ್ಚಿ ಮಾತಾಡುವದಕ್ಕೆ ಒಳ್ಳೇ ನಡತೆಯ ಒಬ್ಬ ಸ್ನೇಹಿತನುಂಟೋ ಎಂದು ಕೇಳಿರಿ. ಅಂಥವನು ಬಂದರೆ ಅವನಿಗೂ ಒಂದು ತುತ್ತು ಗಂಜಿ ಬಡಿಸಿರಿ. ಯೌವನಸ್ಥರೇ, ನೀವು ಸ್ನೇಹಿತನನ್ನು ಹುಡುಕುವದಕ್ಕೆ ಮುಂಚೆ ಇನ್ನೊಬ್ಬನಿಗೆ ಯೋನಾತಾನರಾಗಿರಿ.

ನಡುವಯಸ್ಸಿನವರೇ, ನಿಮಗೂ ಒಂದು ಮಾತು. ಯೋನಾತಾನನು ಗಿಲ್ಬೋವ ಬೆಟ್ಟದಲ್ಲಿ ಮಡಿದನು. ಅರಸನಾದ ದಾವೀದನು ಬಹುಕಾಲದ ಮೇಲೆ ಅವನ ಕುಂಟ ಮಗನಾದ ಮೆಫೀಬೋಶೆತನನ್ನು ಹುಡುಕಿಸಿ ತನ್ನ ಪಂಕ್ತಿಯಲ್ಲಿ ಕೂಡ್ರಿಸಿದನು. ಆ ಊಟದ ಪಂಕ್ತಿಯಲ್ಲಿ ಯೋನಾತಾನನು ಮಾತ್ರ ಇರಲಿಲ್ಲ. ನಿಮ್ಮ ಸ್ನೇಹಿತನೋ ಇನ್ನೂ ಬದುಕಿರಬಹುದು. ಅವನು ಈಗ ಇರುವ ಊರನ್ನು ವಿಚಾರಿಸಿ, ಈ ತಿಂಗಳಲ್ಲೇ ಹೋಗಿ ಕಂಡು ಬನ್ನಿರಿ. ಕರ್ತನು ನಿಮ್ಮಿಬ್ಬರ ನಡುವೆ ಇರಲಿ. ಆಮೆನ್.