ಸೇತುವೆ ಘಟಕದ ಪ್ರಧಾನ ಧರ್ಮ: ಒಂದು ವಿಚಾರ

ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಲೋಕೋಪಯೋಗಿ ಇಲಾಖೆಯ ಉಪವಿಭಾಗವೆಂದರೆ ಒಬ್ಬ ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಅವರ ಕೈಕೆಳಗೆ ಕೆಲವೇ ಸೆಕ್ಷನ್ ಎಂಜಿನಿಯರುಗಳು, ಅಂದಾಜು ಪಟ್ಟಿಗಳು, ಅಳತೆ ಪುಸ್ತಕಗಳು. ಹೊರಗೆ ಮುಲ್ಲಾಮಾರಿ, ಚುಳಕಿ ನಾಲಾ ಮತ್ತು ಅವುಗಳಿಗೆ ಕೂಡುವ ಹಳ್ಳಗಳ ಮೇಲಿನ ಸೇತುವೆಗಳು. ಈ ಘಟಕದ ಧರ್ಮ ಹೊಸದು ಕಟ್ಟುವುದೋ, ಇದ್ದದ್ದನ್ನು ಕಾಯುವುದೋ ಎಂಬುದು ಇಲ್ಲಿಯ ಸಂಶಯ. ಕಾಯುವುದೇ ಪ್ರಧಾನ, ಕಟ್ಟುವುದು ಅದರ ಅಂಗ ಎಂಬುದು ನನ್ನ ಸಿದ್ಧಾಂತ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದೇ ಕಲ್ಯಾಣದ ಆಶ್ರಯದಲ್ಲಿ ಮಿತಾಕ್ಷರವೆಂಬ ಧರ್ಮಶಾಸ್ತ್ರ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಆಸ್ತಿ ಹಂಚಿಕೆಯಂಥ ಲೌಕಿಕ ವ್ಯವಹಾರವನ್ನೂ ಎದುರುಪಕ್ಷದ ಮಾತನ್ನು ಪೂರ್ತಿ ಕೇಳಿಯೇ ತೀರ್ಮಾನಿಸಿದ. ಸೇತುವೆಗೂ ಆ ಗೌರವ ಸಲ್ಲಬೇಕು.

ಪೂರ್ವಪಕ್ಷ ಹೀಗೆನ್ನುತ್ತದೆ. ನಿಜಾಮರ ಆಡಳಿತ ಕಂಡು 1956ರಲ್ಲಿ ಕನ್ನಡ ರಾಜ್ಯ ಸೇರಿದ ನೆಲ ಇದು. ಇದಕ್ಕೆ ವಿಶೇಷ ಗಮನ ಬೇಕೆಂದು 371ಜೆ ವಿಧಿಯ ಮೂಲಕ ಸಂವಿಧಾನವೇ ಒಪ್ಪಿದೆ. 2020ರ ಅಕ್ಟೋಬರ್ ಮಳೆಯಲ್ಲಿ ಬೀದರ್, ಕಲಬುರಗಿ ಜಿಲ್ಲೆಗಳ ತಗ್ಗು ಸೇತುವೆಗಳು ಮುಳುಗಿದವು. ಹಳ್ಳ ಬಂದರೆ ಗರ್ಭಿಣಿಯನ್ನು ಆಸ್ಪತ್ರೆಗೆ ಸಾಗಿಸಲಾಗದ ಊರಿಗೆ ಹೋಗಿ ‘ನಾವು ಹಳೆಯದನ್ನು ಕಾಯುತ್ತೇವೆ’ ಎನ್ನುವುದು ಅನ್ಯಾಯವಲ್ಲವೆ?

ಈ ಮಾತಿನಲ್ಲಿ ನೋವಿದೆ, ಸತ್ಯವೂ ಇದೆ. ಹೊಸ ಸೇತುವೆ ಬೇಡವೆಂದು ಸಿದ್ಧಾಂತ ಹೇಳುವುದಿಲ್ಲ. ಆದರೆ ಎಲ್ಲಿ ಕಟ್ಟಬೇಕು, ಎಷ್ಟು ಎತ್ತರಕ್ಕೆ, ಎಷ್ಟು ಗಂಡಿ ಬಿಟ್ಟು ಎಂಬುದು ತಿಳಿಯುವುದು ಮಳೆಗಾಲದಲ್ಲಿ ಹಳೆಯ ಸೇತುವೆಯ ಬಳಿ ನಿಂತು ನೀರಿನ ಮಟ್ಟ ಗುರುತು ಹಾಕಿದವರಿಗೆ. ಆ ಗುರುತಿಲ್ಲದೆ ಕಟ್ಟಿದ್ದು ಮತ್ತೆ ಮುಳುಗುತ್ತದೆ. ಒಳ್ಳೆಯ ಕಟ್ಟುವಿಕೆ ಕಾಯುವಿಕೆಯಿಂದಲೇ ಹುಟ್ಟುತ್ತದೆ; ಅದಕ್ಕೇ ಅದನ್ನು ಅಂಗವೆಂದದ್ದು.

ಸೇತುವೆ ಕೆಡುವುದು ಕಣ್ಣಿಗೆ ಬೀಳದ ಜಾಗದಲ್ಲಿ. ಪ್ರವಾಹದ ನೀರು ಕಂಬಕ್ಕೆ ಬಡಿದು, ಬುಡಕ್ಕೆ ಮಗುಚಿ, ತಳವನ್ನು ಕೊರೆಯುತ್ತದೆ. ಕಂಬದ ಬಳಿ ಈ ಕೊರೆತದ ಆಳ ಸರಾಸರಿಯ ಎರಡು ಪಟ್ಟು, ದಡದ ಅಬಟ್‌ಮೆಂಟಿನ ಬಳಿ 1.27 ಪಟ್ಟು ಎಂದೆಣಿಸಿ ಅಡಿಪಾಯ ಇಳಿಸಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆ ವಿಧಿಸುತ್ತದೆ. ಗುಂಡಿ ಅತಿ ಆಳವಾಗಿರುವುದು ಹೊಳೆ ಏರಿದಾಗ. ನೀರು ಇಳಿಯುತ್ತಿದ್ದಂತೆ ಹೂಳು ಅದನ್ನು ಮುಚ್ಚುತ್ತದೆ. ಜನವರಿಯಲ್ಲಿ ಜೀಪು ನಿಲ್ಲಿಸಿ ಬಗ್ಗಿ ನೋಡಿದವರಿಗೆ ಸಮತಟ್ಟಾದ ಹಳ್ಳ ಕಾಣುತ್ತದೆ. ಆ ಸಡಿಲ ಹೂಳು ಮುಂದಿನ ಪ್ರವಾಹದ ಮೊದಲ ಹೊಡೆತಕ್ಕೇ ಎದ್ದುಹೋಗುತ್ತದೆ. ಇನ್ನು ದಡದ ಕಡೆ, ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಸೇತುವೆಗೆ ಕೂಡುವ ರಸ್ತೆ ಕುಸಿಯುತ್ತದೆ. ಕೆಂಪು ಜಂಬಿಟ್ಟಿಗೆಯ ದಿಬ್ಬದಿಂದ ಎರೆಗೆ ಇಳಿಯುವ ಹುಮನಾಬಾದ್ ಸುತ್ತಿನ ದಾರಿಗಳಲ್ಲಿ ಒಂದು ಸೇತುವೆಯ ಪಾಠ ಇನ್ನೊಂದಕ್ಕೆ ಹೊಂದುವುದಿಲ್ಲ. ರೆಕ್ಕೆಗೋಡೆಯ ನೀರುಗಂಡಿ ಮುಚ್ಚಿಕೊಂಡರೆ ಹಿಂದಿನ ಮಣ್ಣು ನೀರು ಕುಡಿದು ಗೋಡೆಯನ್ನು ತಳ್ಳುತ್ತದೆ. ಕಲ್ಲುಸಂದಿಯ ಅರಳಿ ಸಸಿ ಬೆರಳುದ್ದ ಇರುವಾಗ ಕೀಳುವುದು ಒಬ್ಬ ಗ್ಯಾಂಗ್‌ಮನ್ನನ ಕೆಲಸ. ಬೇರಿಳಿದ ಮೇಲೆ ಅದು ಟೆಂಡರ್ ಕೆಲಸ.

ಆದ್ದರಿಂದ ಘಟಕ ನಡೆಸಬೇಕಾದ ಕ್ರಮ ಇದು: ಮುಂಗಾರಿಗೆ ಮೊದಲೊಂದು ಸುತ್ತು, ಹಿಂಗಾರಿನ ಹೊತ್ತಿಗೆ ಇನ್ನೊಂದು, ದೊಡ್ಡ ಪ್ರವಾಹವಾದರೆ ನೀರಿರುವಾಗಲೇ ತೂಕದ ಹಗ್ಗ ಬಿಟ್ಟು ಕಂಬದ ಬುಡದ ಆಳ ಅಳೆಯುವುದು. ಪ್ರತಿ ಸೇತುವೆಗೂ ಒಂದು ಕಡತ, ಕಡತದಲ್ಲಿ ಫೋಟೊ, ಅಳತೆ, ನೋಡಿದವರ ಸಹಿ.

‘ತಪಾಸಣೆ ಈಗಲೂ ಇದೆಯಲ್ಲ, ಕೇಂದ್ರ ಸರ್ಕಾರ 2016ರಲ್ಲೇ ಭಾರತೀಯ ಸೇತುವೆ ನಿರ್ವಹಣಾ ವ್ಯವಸ್ಥೆ ಆರಂಭಿಸಿ ಸೇತುವೆಗಳಿಗೆ ಗುರುತಿನ ಸಂಖ್ಯೆ ಕೊಟ್ಟಿತಲ್ಲ’ ಎಂಬುದು ಮುಂದಿನ ಆಕ್ಷೇಪ. ಸಂಖ್ಯೆ ಕೊಟ್ಟ ಮಾತ್ರಕ್ಕೆ ಸೇತುವೆ ನಿಲ್ಲುವುದಿಲ್ಲ. ಕಾರವಾರದ ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಹೊತ್ತಿಗೆ ಲಾರಿ ಸಮೇತ ನದಿಗೆ ಬಿತ್ತು. 1985ರಲ್ಲಿ ಕಟ್ಟಿದ ಗುಜರಾತಿನ ಗಂಭೀರಾ ಸೇತುವೆ 2025ರ ಜುಲೈ 9ರಂದು ಕುಸಿಯಿತು. ಪೆಡೆಸ್ಟಲ್ (ಪೀಠ) ಮತ್ತು ಆರ್ಟಿಕ್ಯುಲೇಶನ್ (ಕೀಲು) ಭಾಗ ಜಜ್ಜಿಹೋದದ್ದು ಕಾರಣವೆಂದು ಪ್ರಾಥಮಿಕ ತನಿಖೆ ಹೇಳಿತು. ಇವು ಮೇಲಿನ ರಸ್ತೆಯಿಂದ ಕಾಣುವ ಭಾಗಗಳಲ್ಲ, ಕೆಳಗಿಳಿದವರಿಗಷ್ಟೇ ಕಾಣುತ್ತವೆ. ಅಮೆರಿಕದಲ್ಲಿ 1967ರಲ್ಲಿ ಸಿಲ್ವರ್ ಬ್ರಿಜ್ ಬಿದ್ದು 46 ಜನ ಸತ್ತ ಮೇಲೆಯೇ ದೇಶಕ್ಕೆಲ್ಲ ಅನ್ವಯವಾಗುವ ತಪಾಸಣಾ ನಿಯಮ ಬಂತು. ನಮಗೆ ಸಾವಿನ ಪಾಠ ಸಾಕಷ್ಟಾಗಿದೆ.

ಹಣವಿಲ್ಲವೆಂಬುದು ಗಟ್ಟಿ ಆಕ್ಷೇಪ. ಕಟ್ಟುವ ಹಣ ಬಜೆಟ್ಟಿನ 5054ರ ಬಂಡವಾಳ ಶೀರ್ಷಿಕೆಯಲ್ಲಿ ಬರುತ್ತದೆ, ಕಾಯುವ ಹಣ 3054ರ ಕಂದಾಯ ಶೀರ್ಷಿಕೆಯಲ್ಲಿ. ಎರಡನೆಯದು ರಸ್ತೆಗುಂಡಿ ಮುಚ್ಚುವುದರಲ್ಲೇ ಕರಗುತ್ತದೆ. ಒಪ್ಪುತ್ತೇನೆ. ಆದರೆ ಅಳತೆಯಿರುವ ಕಡತ ಇಟ್ಟು ಕೇಳಿದ ಅಂದಾಜು ಪಟ್ಟಿಯನ್ನು ತಿರಸ್ಕರಿಸುವ ಮೇಲಧಿಕಾರಿ ಆ ಹೊಣೆಯನ್ನು ಲಿಖಿತವಾಗಿ ಹೊರಬೇಕಾಗುತ್ತದೆ. ಈಗ ಯಾರೂ ಹೊರಬೇಕಿಲ್ಲ. ಕೇಳಿದ ದಾಖಲೆಯೇ ಇರುವುದಿಲ್ಲ. ಸಿಬ್ಬಂದಿ ಕೊರತೆಯ ಮಾತಿಗೂ ಇದೇ ಉತ್ತರ ಅನ್ವಯಿಸುತ್ತದೆ.

‘ಹೆದ್ದಾರಿ ನಮ್ಮದಲ್ಲ, ಹಳ್ಳಿರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್‌ನವರದು, ಬ್ಯಾರೇಜ್ ಸಣ್ಣ ನೀರಾವರಿಯವರದು’ ಎಂಬ ಆಕ್ಷೇಪವನ್ನು ಹಳ್ಳ ಒಪ್ಪುವುದಿಲ್ಲ. ಮೇಲಿನ ಬ್ಯಾರೇಜಿನ ಗೇಟು ಎತ್ತಿದರೆ ಕೆಳಗಿನ ಸೇತುವೆಯ ಕಂಬ ಅನುಭವಿಸುತ್ತದೆ. ಪ್ರವಾಹದ ಮರುವಾರ ಇವರೆಲ್ಲ ಒಂದು ಮೇಜಿಗೆ ಕೂತು ಅಳತೆ ಹಂಚಿಕೊಳ್ಳಲು ಯಾವ ಹೊಸ ಕಾನೂನೂ ಬೇಕಿಲ್ಲ.

ಕಡೆಯ ಆಕ್ಷೇಪ ಕಠಿಣ: ದುರ್ಬಲ ಸೇತುವೆ ಮುಚ್ಚಿದರೆ ಕಬ್ಬಿನ ಟ್ರ್ಯಾಕ್ಟರುಗಳು, ಬಸವಕಲ್ಯಾಣದ ಲಾರಿಗಳು ಸುತ್ತಿ ಹೋಗಬೇಕು, ಒತ್ತಡ ಬರುತ್ತದೆ. ಬರುತ್ತದೆ. ಆಗ ಎಂಜಿನಿಯರ್ ಬೆನ್ನಿಗೆ ನಿಲ್ಲಬೇಕಾದವರು ಶಾಸಕರಲ್ಲ, ಆ ಸೇತುವೆ ದಾಟುವ ನಾವು. ನಿಮ್ಮೂರ ಸೇತುವೆಯ ಕೆಳಗೆ ಕೊನೆಯ ಬಾರಿ ಯಾರು ಇಳಿದರು, ಏನು ಬರೆದರು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಉಪವಿಭಾಗವನ್ನು ಕೇಳಿ. ಮುಂಗಾರಿಗೆ ಮುಂಚೆ ಕೇಳಿ.