ಸಾಕಿದ ಗಿಳಿಯೂ ಅವಧಾನಭಕ್ತಿಯೂ

ಉಣ್ಣಿಸುವುದು ಬೇರೆ, ಉಂಡುದನ್ನು ಕಾಣುವುದು ಬೇರೆ. ಈ ಎರಡರ ನಡುವಣ ಅಂತರವನ್ನು ಅರಿಯದೆ ಲೋಕದಲ್ಲಿ ಎಷ್ಟೋ ಸಲ ಪ್ರೀತಿಯೇ ಅಪರಾಧವಾಗಿ ಪರಿಣಮಿಸುತ್ತದೆ. ಅನ್ನವನ್ನು ನೀಡಿದವನು ತನ್ನ ಕರ್ತವ್ಯವು ತೀರಿತೆಂದು ನಿಶ್ಚಿಂತನಾಗುತ್ತಾನೆ. ನೀಡಿದ ಅನ್ನವು ಜೀವಕ್ಕೆ ಸಂದಿತೋ ಇಲ್ಲವೋ ಎಂಬುದನ್ನು ನೋಡುವ ತಾಳ್ಮೆ ಅವನಿಗೆ ಇರುವುದಿಲ್ಲ. ಮಾತು ಬಲ್ಲ ಮನುಷ್ಯನ ವಿಷಯದಲ್ಲಿ ಈ ತಪ್ಪನ್ನು ತಿದ್ದಲು ಅವಕಾಶವುಂಟು. ಹಸಿದವನು ಬಾಯಿಬಿಟ್ಟು ಕೇಳಬಲ್ಲನು. ಮೂಕಜೀವವು ಏನು ಮಾಡಬೇಕು? ಮನೆಯಲ್ಲಿ ಸಾಕಿದ ಎಳೆಯ ಗಿಳಿಯೊಂದರ ಊಟ ಮತ್ತು ತೂಕವೆಂಬ ಸಣ್ಣ ಸಂಗತಿಯನ್ನು ಹಿಡಿದು ಈ ದೊಡ್ಡ ಪ್ರಶ್ನೆಯನ್ನು ವಿಚಾರಿಸಬಹುದು.

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಗೆ ಗಿಳಿಯು ಹೊಸಬನಲ್ಲ. ಹಿಂಗಾರಿಯ ಬಿಳಿಜೋಳ ತೆನೆಗಟ್ಟಿ ಹಾಲುಗಾಳಾಗುವ ಹೊತ್ತಿಗೆ ಹಸಿರು ಹಿಂಡುಗಳು ಹೊಲದ ಮೇಲೆ ಇಳಿಯುತ್ತವೆ. ಒಕ್ಕಲಿಗನು ಕವಣೆ ಬೀಸಿ ಅವನ್ನು ಓಡಿಸುತ್ತಾನೆ. ಅದೇ ಒಕ್ಕಲಿಗನ ಮನೆಯ ಪಡಸಾಲೆಯಲ್ಲಿ ಹಿಂದೆ ಪಂಜರದ ಗಿಳಿಯೊಂದು ತೂಗಾಡುತ್ತಿದ್ದುದೂ ಉಂಟು. ಹೊಲದಲ್ಲಿ ವೈರಿ, ಮನೆಯಲ್ಲಿ ಮಗು! ಆದರೆ ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿದ್ದು ಬನದಲ್ಲಿ ಹಾರುವ ಗಿಳಿಗಳನ್ನು, ಕೋಗಿಲೆ ದುಂಬಿಗಳನ್ನು, ಪಂಜರದಲ್ಲಿದ್ದವುಗಳನ್ನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದೆ. ಈ ನಾಡಿನ ಕಾಡುಗಿಳಿಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಇಂದು ಅಪರಾಧ. ಗಾಳಿಗೆ ಗೂಡಿನಿಂದ ಬಿದ್ದ ಮರಿ ಸಿಕ್ಕರೆ ಅದನ್ನು ಅರಣ್ಯ ಇಲಾಖೆಯವರಿಗೆ ತಿಳಿಸಿ ಒಪ್ಪಿಸುವುದೇ ಧರ್ಮ. ಈ ಮಾತು ಮೊದಲು ಸ್ಪಷ್ಟವಾಗಬೇಕು.

ಆದರೆ ಇಂದು ಪಟ್ಟಣಗಳಲ್ಲಿ ಪಂಜರದಲ್ಲಿಯೇ ಹುಟ್ಟಿ ಬೆಳೆದ ಪರದೇಶದ ಗಿಳಿಗಳು ಮಾರಾಟಕ್ಕೆ ಬರುತ್ತವೆ. ಆಸ್ಟ್ರೇಲಿಯ ಮೂಲದ, ತಲೆಯ ಮೇಲೆ ಜುಟ್ಟುಳ್ಳ ಕಾಕಟೀಲ್ ಎಂಬುದು ಅವುಗಳಲ್ಲೊಂದು. ಇದನ್ನು ಕರುಣೆಯಿಂದ ಹೊರಗೆ ಬಿಟ್ಟರೂ ಎರೆಯ ಬಯಲಲ್ಲಿ ಅದು ಬದುಕಲಾರದು. ಹದ್ದು, ಕಾಗೆ, ಬೆಕ್ಕುಗಳ ಪಾಲಾಗುತ್ತದೆ. ಹೀಗೆ ಮನೆಗೆ ಬಂದ ಹಕ್ಕಿಯ ಹೊಣೆಯನ್ನು ಕೆಳಗಿಳಿಸುವ ದಾರಿಯೇ ಗೃಹಸ್ಥನಿಗೆ ಇಲ್ಲ. ಶರಣಧರ್ಮದ ಭಾಷೆಯಲ್ಲಿ ಹೇಳುವುದಾದರೆ, ಕಾಡಿನ ಗಿಳಿಗೆ ತನ್ನದೇ ಆದ ಕಾಯಕವಿದೆ. ಬೆಳಗಾಗೆದ್ದು ಹಾರಿ, ಅರಸಿ, ಆರಿಸಿ ಉಣ್ಣುವುದೇ ಆ ಕಾಯಕ. ಪಂಜರವು ಹಕ್ಕಿಯ ಕಾಯಕವನ್ನು ಕಸಿದುಕೊಳ್ಳುತ್ತದೆ. ಒಂದು ಜೀವದ ಕಾಯಕವನ್ನು ಕಸಿದುಕೊಂಡವನು ಆ ಜೀವಕ್ಕೆ ದಾಸೋಹವನ್ನು ಸಲ್ಲಿಸುವ ಋಣಕ್ಕೆ ಒಳಗಾದನಲ್ಲವೆ? ಇಲ್ಲಿ ಕಾಳು ಹಾಕುವುದು ಔದಾರ್ಯವಲ್ಲ, ಸಾಲದ ತೀರಿಕೆ.

ಸಿಂದಗಿಯಂಥ ಊರಿನ ಒಬ್ಬ ಸದ್ಗೃಹಸ್ಥನ ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮಗಳು ಆಸೆಪಟ್ಟಳೆಂದು ಆತನು ಗುಟುಕು ಬಿಟ್ಟು ಆಗತಾನೆ ಕಾಳಿಗೆ ಬಂದ ಒಂದು ಎಳೆಯ ಜುಟ್ಟಿನ ಗಿಳಿಯನ್ನು ತಂದನು. ಮಾರಿದವನು ಅದನ್ನು ತೂಗಿ 92 ಗ್ರಾಂ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದನು. ಮನೆಯ ಹಿರಿಯಳಾದ ಅಜ್ಜಿಯು ಅದರ ಊಟದ ಹೊಣೆ ಹೊತ್ತಳು. ಬೆಳಗಿನ ಲಿಂಗಪೂಜೆ ಮುಗಿದೊಡನೆ ಪಂಜರದ ಬಟ್ಟಲನ್ನು ನೋಡುವುದು, ಬಟ್ಟಲು ತುಂಬಿದ್ದರೆ ಸಮಾಧಾನಪಡುವುದು, ಮೇಲೊಂದು ಹಿಡಿ ನವಣೆ ಸೂಸುವುದು ಅವಳ ನಿತ್ಯನೇಮವಾಯಿತು. ಗಿಳಿಯು ದಿನವೆಲ್ಲ ಬಟ್ಟಲಲ್ಲಿ ಕೊಕ್ಕಾಡಿಸುತ್ತಿತ್ತು. ಚೆನ್ನಾಗಿ ಉಣ್ಣುತ್ತಿದೆಯೆಂದು ಎಲ್ಲರೂ ಹೇಳಿದರು. ಎರಡು ವಾರ ಕಳೆದ ಮೇಲೆ ಮಗಳು ಅಡಿಗೆಮನೆಯ ಚಿಕ್ಕ ವಿದ್ಯುತ್ ತಕ್ಕಡಿಯಲ್ಲಿ ಅದನ್ನು ಕುಳ್ಳಿರಿಸಿ ನೋಡಿದಳು: 81 ಗ್ರಾಂ. ಅವಳು ಬಟ್ಟಲನ್ನೆತ್ತಿ ಮೆಲ್ಲನೆ ಊದಿದಳು. ಬಟ್ಟಲಿನ ಮುಕ್ಕಾಲು ಪಾಲು ಗಾಳಿಗೆ ಹಾರಿಹೋಯಿತು. ಅದು ಕಾಳಾಗಿರಲಿಲ್ಲ, ಬರಿಯ ಹೊಟ್ಟು. ಗಿಳಿಯು ಸುಲಿದ ಹೊಟ್ಟನ್ನು ಬಟ್ಟಲಿಗೇ ಬೀಳಿಸುತ್ತಿತ್ತು. ಅಜ್ಜಿ ಮೇಲೆ ಹಾಕಿದ ಹಿಡಿಯಷ್ಟರಲ್ಲಿ ಅರ್ಧ ಪಂಜರದ ನೆಲಕ್ಕೆ ಚೆಲ್ಲುತ್ತಿತ್ತು. ತುಂಬಿದ ಬಟ್ಟಲಿನ ಮುಂದೆ ಒಂದು ಜೀವವು ಹಸಿದಿತ್ತು.

ಈ ಮನೆಯಲ್ಲಿ ಯಾರೂ ನಿರ್ದಯರಲ್ಲ. ಕೊರತೆಯಿದ್ದುದು ಪ್ರೀತಿಗಲ್ಲ, ನೋಟಕ್ಕೆ. ಗಿಳಿಯ ಕುಲದ ಸ್ವಭಾವವನ್ನು ಬಲ್ಲವರು ಹೇಳುವುದೇನೆಂದರೆ, ಹಕ್ಕಿಯು ತನ್ನ ನಿತ್ರಾಣವನ್ನು ಕೊನೆಯವರೆಗೆ ಮುಚ್ಚಿಡುತ್ತದೆ. ಕಾಡಿನಲ್ಲಿ ಬಲಹೀನತೆಯನ್ನು ತೋರಿದ ಹಕ್ಕಿಯನ್ನು ಬೇಟೆಯ ಪ್ರಾಣಿ ಮೊದಲು ಗುರುತಿಸುತ್ತದೆ. ಆದುದರಿಂದ ಈ ಗುಣ ಅದರ ರಕ್ತದಲ್ಲಿಯೇ ಇದೆ. ಗರಿಗಳ ಹೊದಿಕೆಯು ಸೊರಗಿದ ಮೈಯನ್ನು ತುಂಬಿದಂತೆ ತೋರಿಸುತ್ತದೆ. ಕಣ್ಣು ಮೋಸಹೋದರೂ ತಕ್ಕಡಿ ಮೋಸಹೋಗದು. ದಿನವೂ ಬೆಳಗ್ಗೆ ಕಾಳು ಹಾಕುವ ಮೊದಲು, ಅದೇ ಹೊತ್ತಿಗೆ, ಅದೇ ತಕ್ಕಡಿಯಲ್ಲಿ ತೂಗಿ, ವ್ಯಾಪಾರಿಯು ಕಿರ್ದಿ ಬರೆಯುವಂತೆ ಬರೆದಿಡಬೇಕು. ಕಿರಾಣಿ ಅಂಗಡಿಯ ದೊಡ್ಡ ತಕ್ಕಡಿ ಇದಕ್ಕೆ ಸಾಲದು. ಒಂದು ಗ್ರಾಂ ತೋರಿಸುವಂಥದು ಬೇಕು. ಒಂದೆರಡು ಗ್ರಾಂ ಏರಿಳಿತ ಸಹಜ. ಇದ್ದ ತೂಕದಲ್ಲಿ ಹತ್ತನೆಯ ಒಂದು ಪಾಲು ಇಳಿಯಿತೆಂದರೆ ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಎದೆಯ ನಡುವಣ ಮೂಳೆಯು ಬೆರಳಿಗೆ ಚೂಪಾಗಿ ತಗಲುವುದೂ, ಹಿಕ್ಕೆ ಕಡಿಮೆಯಾಗುವುದೂ ಇಂಥ ಸೂಚನೆಗಳೇ. ಬಟ್ಟಲಿನ ಹೊಟ್ಟನ್ನು ದಿನವೂ ಊದಿ ತೆಗೆಯಬೇಕೆಂಬುದನ್ನು ಹೇಳಬೇಕಾದುದೇ ಇಲ್ಲ.

ತೂಕ ಏರುವುದೆಲ್ಲ ಒಳಿತೆಂದೂ ತಿಳಿಯಬಾರದು. ಸೂರ್ಯಕಾಂತಿ ಬೀಜ, ಶೇಂಗಾಗಳನ್ನು ಮನಬಂದಂತೆ ಕೊಟ್ಟರೆ ಕೊಬ್ಬು ಸೇರಿ ಯಕೃತ್ತು ಕೆಡುತ್ತದೆ. ಹಾಗೆಯೇ ಇಳಿಯುವುದೆಲ್ಲ ರೋಗವೂ ಅಲ್ಲ. ಗೂಡಿನ ಮರಿಗೆ ರೆಕ್ಕೆ ಬಲಿತು ಹಾರಲು ಹವಣಿಸುವ ಕಾಲ ಬಂದಾಗ ಅದು ತಾನಾಗಿಯೇ ಗುಟುಕನ್ನು ಬೇಡವೆನ್ನುತ್ತದೆ. ಏರಿದ್ದ ತೂಕ ಕೊಂಚ ಇಳಿದು ಮೈ ಹಗುರಾಗುತ್ತದೆ. ಹಾರುವುದಕ್ಕೆ ಪ್ರಕೃತಿ ಮಾಡುವ ಸಿದ್ಧತೆಯಿದು. ಅದನ್ನು ಅರಿಯದೆ ಬಲವಂತವಾಗಿ ತುರುಕುವವನೂ ತಪ್ಪಿತಸ್ಥನೇ. ಹೀಗೆ ಅಂಕೆಯು ನೋಟಕ್ಕೆ ಊರುಗೋಲು ಮಾತ್ರ. ಅರಿವಿಲ್ಲದವನ ಕೈಯಲ್ಲಿ ಅದು ಬರಿಯ ಅಂಕೆಯಾಗಿಯೇ ಉಳಿಯುತ್ತದೆ.

ಇಲ್ಲಿ ಆಸ್ತಿಕರಾದ ಕೆಲವರು ಒಂದು ಶಂಕೆಯನ್ನು ಎತ್ತಬಹುದು. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ? ಆತನ ಮೇಲೆ ಭಾರ ಹಾಕಿದ ಭಕ್ತನಿಗೆ ಗ್ರಾಂ ಲೆಕ್ಕದ ಗೊಡವೆ ಏಕೆ? ತೂಗಿ ನೋಡುವುದು ಅಪನಂಬಿಕೆಯಲ್ಲವೆ? ಈ ಗಾದೆಯು ಬಯಲಿನ ಹಕ್ಕಿಗೆ ಸಲ್ಲುತ್ತದೆ. ಅದಕ್ಕೆ ರೆಕ್ಕೆಯನ್ನೂ ಹೊಲವನ್ನೂ ಕೊಟ್ಟವನು ದೇವರು. ಪಂಜರದ ಬಾಗಿಲಿಗೆ ಅಗುಳಿ ಹಾಕಿದವನು ಮಾತ್ರ ದೇವರಲ್ಲ, ಮನುಷ್ಯ. ತಾನು ಹಾಕಿದ ಅಗುಳಿಯ ಫಲವನ್ನು ದೇವರ ಖಾತೆಗೆ ಬರೆಯುವುದು ಭಕ್ತಿಯಾಗದು. ಅದು ಸೋಮಾರಿತನಕ್ಕೆ ತೊಡಿಸಿದ ವಿಭೂತಿ.

ಅಳತೆ ಮತ್ತು ಭಕ್ತಿಗಳಿಗೆ ವಿರೋಧವಿದೆಯೆಂದು ಭಾವಿಸುವವರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಮುದ್ದೇಬಿಹಾಳದಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಲಿಂಗಸುಗೂರಿನ ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಶರಣೆ ಆಕೆ. ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಕಂಡೊಡನೆ ಗುರುತಿಸಿ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳೆಂಬುದು ಎಲ್ಲರೂ ಬಲ್ಲ ಸಂಗತಿ. ನಿತ್ಯದ ಅಳತೆ ಎಷ್ಟೆಂದು ಕರಾರುವಾಕ್ಕಾಗಿ ತಿಳಿದಿದ್ದುದರಿಂದಲೇ ಅಲ್ಲವೆ ಅಂದಿನ ಹೆಚ್ಚಳವು ಆಕೆಯ ಕಣ್ಣಿಗೆ ಬಿದ್ದುದು? ಅಳತೆಯನ್ನು ಬಲ್ಲ ಆ ಕಣ್ಣೇ ಆಕೆಯ ಭಕ್ತಿಯನ್ನು ಕಾಯಿತು.

ಷಟ್‌ಸ್ಥಲದಲ್ಲಿ ಒಂದೊಂದು ಸ್ಥಲಕ್ಕೆ ಒಂದೊಂದು ಭಕ್ತಿಯನ್ನು ಹೇಳಿದೆ. ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ. ಮೂರನೆಯದಾದ ಪ್ರಸಾದಿಸ್ಥಲಕ್ಕೆ ಅವಧಾನ. ಶ್ರದ್ಧೆಯೂ ನಿಷ್ಠೆಯೂ ಇದ್ದ ಮೇಲೆ ಅವಧಾನವೇಕೆ ಬೇಕಾಯಿತು? ಅನ್ನವು ಪ್ರಸಾದವಾಗುವ ಸ್ಥಾನವಿದು. ಕೊಡುವಲ್ಲಿ, ಕೊಳ್ಳುವಲ್ಲಿ, ಅರ್ಪಿಸುವಲ್ಲಿ ಮನಸ್ಸು ಒಂದು ಕ್ಷಣವೂ ಮೈಮರೆಯಬಾರದು. ಅಜ್ಜಿಗೆ ಶ್ರದ್ಧೆಯಿತ್ತು; ಒಂದು ದಿನವೂ ನೇಮ ತಪ್ಪದ ನಿಷ್ಠೆಯಿತ್ತು. ಬಟ್ಟಲಿನಲ್ಲಿರುವುದು ಕಾಳೋ ಹೊಟ್ಟೋ ಎಂದು ಕೈಯಾಡಿಸಿ ನೋಡುವ ಅವಧಾನವೊಂದು ಉಳಿದಿತ್ತು. ಓದುವ ಗಿಳಿಯು ತನ್ನ ಬಳಿಗೆ ಬರುವ ಬೆಕ್ಕನ್ನು ಅರಿಯದೆಂದು ಬಸವಣ್ಣನವರು ಎಚ್ಚರಿಸಿದರು. ಓದಿಸುವ ಮನುಷ್ಯನು ಗಿಳಿಯ ಹಸಿವನ್ನೇ ಅರಿಯದಿದ್ದರೆ ಆ ಮಾತು ಯಾರಿಗೆ ಹೆಚ್ಚು ಒಪ್ಪುತ್ತದೆ?

ವಚನಗಳ ಪಾಡೂ ಒಮ್ಮೆ ಹೀಗೆಯೇ ಆಗಿತ್ತು. ತಾಳೆಗರಿಯ ಕಟ್ಟುಗಳು ಎಷ್ಟೋ ಮನೆಗಳ ಜಗಲಿಯ ಮೇಲೆ ಹೂವು ವಿಭೂತಿಗಳಿಂದ ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ನೋಡುವವರಿಲ್ಲದೆ ಒಳಗೆ ಹುಳು ತಿನ್ನುತ್ತಿತ್ತು. ವಿಜಾಪುರದಲ್ಲಿ ನೆಲೆಸಿದ ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ, ಬಿಚ್ಚಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು. ಪೂಜಿಸಿದವರಿಗೂ ಬಿಚ್ಚಿ ನೋಡಿದವರಿಗೂ ಇರುವ ಅಂತರವೇ ಶ್ರದ್ಧೆಗೂ ಅವಧಾನಕ್ಕೂ ಇರುವ ಅಂತರ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ ಕಟ್ಟಡದ ಕೆಲಸಕ್ಕೆ ಗೋವೆಗೂ ಗುಳೆ ಹೋಗುವ ಜನರಿರುವ ಈ ತಾಲೂಕುಗಳಲ್ಲಿ ಹಕ್ಕಿಯ ತೂಕದ ಚರ್ಚೆ ಶ್ರೀಮಂತರ ವಿನೋದವಲ್ಲವೆ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಮನುಷ್ಯನ ಮಗುವನ್ನು ಮರೆತು ಹಕ್ಕಿಯನ್ನು ತೂಗುವುದು ಧರ್ಮವಲ್ಲ. ಆದರೆ ಅವಧಾನವು ಖರ್ಚಾಗಿ ತೀರುವ ಹಣವಲ್ಲ. ಬಳಸಿದಷ್ಟೂ ಬೆಳೆಯುವ ಗುಣ. 1975ರಲ್ಲಿ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಚಿಕ್ಕ ಮಕ್ಕಳನ್ನು ತೂಗಿ ಬೆಳವಣಿಗೆಯ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ತೂಗಿದರೆ ಕೂಸಿಗೆ ದೃಷ್ಟಿ ತಾಗೀತೆಂದು ಅಂಜುವ ತಾಯಂದಿರು ಇಲ್ಲದಿಲ್ಲ. ಕೂಸು ಸೊರಗುತ್ತಿದ್ದರೂ ಮನೆಯವರ ಕಣ್ಣು ಅದಕ್ಕೆ ಒಗ್ಗಿಹೋಗಿರುತ್ತದೆ. ಪಟ್ಟಿಯ ಗೆರೆ ಕೆಳಗೆ ಬಾಗಿದಾಗಲೇ ಅದು ತಿಳಿಯುವುದು. ನೋಡುವ ಕಣ್ಣಿನಿಂದ ಕೂಸು ಬಡವಾಗುವುದಿಲ್ಲ. ನೋಡದ ಕಣ್ಣಿನಿಂದ ಬಡವಾಗುತ್ತದೆ.

ಆ ಸಿಂದಗಿಯ ಮನೆಗೆ ಮರಳಿದರೆ ಇದರ ನಿದರ್ಶನ ದೊರೆಯುತ್ತದೆ. ಪಶುವೈದ್ಯರ ಸಲಹೆಯಂತೆ ಮೊಳಕೆ ಬರಿಸಿದ ಮೆತ್ತನೆಯ ಕಾಳನ್ನೂ ಬೇಯಿಸಿದ ಅನ್ನವನ್ನೂ ಹೊತ್ತುಹೊತ್ತಿಗೆ ಕೊಟ್ಟ ಮೇಲೆ ಗಿಳಿಯು ದಿನಕ್ಕೆ ಒಂದು ಗ್ರಾಂನಂತೆ ಚೇತರಿಸಿಕೊಂಡಿತು. ಮಗಳಿಗೆ ನೋಡುವ ರೂಢಿ ಬಿದ್ದಿತು. ಒಂದು ರಾತ್ರಿ ಅವಳು ಅಜ್ಜಿಯ ತಾಟನ್ನು ಎತ್ತುವಾಗ, ತಾಟಿನ ಅಂಚಿನ ಕೆಳಗೆ ರೊಟ್ಟಿಯ ತುಂಡುಗಳು ಮರೆಯಾಗಿರುವುದನ್ನು ಕಂಡಳು. ಮರುದಿನವೂ ಹಾಗೆಯೇ. ಕೇಳಿದರೆ ಅಜ್ಜಿ, “ಉಂಡೀನಿ ಬಿಡವ್ವಾ” ಎಂದಳು. ಹಲ್ಲು ಸಡಿಲಗೊಂಡು ಖಡಕ್ ರೊಟ್ಟಿಯನ್ನು ಅಗಿಯಲಾರದೆ, ಸೊಸೆಗೆ ತೊಂದರೆ ಕೊಡಬಾರದೆಂದು ಆ ಮುದುಕಿ ಎಷ್ಟೋ ದಿನದಿಂದ ಅರೆಹೊಟ್ಟೆಯಲ್ಲಿದ್ದಳು. ತುಂಬಿದ ತಾಟು ದಿನವೂ ಅವಳ ಮುಂದೆ ಬರುತ್ತಿತ್ತು. ದಡಿಯ ಸೀರೆ ಅವಳ ಸೊರಗಿದ ಮೈಯನ್ನು ಮುಚ್ಚಿತ್ತು. ಅಂದಿನಿಂದ ಆ ಮನೆಯಲ್ಲಿ ಅಜ್ಜಿಗೆಂದು ಬಿಸಿಯ ಮೆತ್ತನೆಯ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡತೊಡಗಿದರು. ಗಿಳಿಯನ್ನು ನೋಡಲು ಕಲಿತ ಕಣ್ಣು ಅಜ್ಜಿಯನ್ನೂ ಕಂಡಿತು.

ಆದುದರಿಂದ ಮನೆಯಲ್ಲಿ ಹಕ್ಕಿಯನ್ನು ತರುವ ಮೊದಲು ಗೃಹಸ್ಥನು ತನ್ನನ್ನು ತಾನೇ ಕೇಳಿಕೊಳ್ಳಬೇಕು: ಇದರ ಬಾಳು ಮುಗಿಯುವವರೆಗೆ ದಿನವೂ ಇದನ್ನು ನೋಡುವ ಅವಧಾನ ತನಗುಂಟೆ? ಇಲ್ಲವೆಂದಾದರೆ ತರದಿರುವುದೇ ದಯೆ. ಈಗಾಗಲೇ ತಂದಿದ್ದರೆ, ಬೆಳಗಿನ ಪೂಜೆಯಾದೊಡನೆ ಬಟ್ಟಲಿನ ಹೊಟ್ಟನ್ನು ಊದಿ, ಹಕ್ಕಿಯನ್ನು ತೂಗಿ, ಅಂಕೆಯನ್ನು ಬರೆದಿಡಲಿ. ಬಸವಣ್ಣನವರು ಹುಟ್ಟಿದ ಈ ನೆಲದಲ್ಲಿ ದಾಸೋಹವೆಂಬುದು ಬಡಿಸಿದ ಎಲೆಗಳ ಎಣಿಕೆಯಾಗದಿರಲಿ. ಬಡಿಸಿದವನು ಊಟ ಮುಗಿಯುವವರೆಗೆ ಪಂಕ್ತಿಯಲ್ಲಿ ನಿಂತು, ಯಾರು ಉಂಡರು, ಯಾರು ಉಣ್ಣದೆ ಎದ್ದರು ಎಂಬುದನ್ನೂ ನೋಡಲಿ.