ಔಷಧದಾನದೊಳಗಿನ ಹಿಂಸೆಯ ಋಣ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕನಿಗೆ ವಿಹಿತವಾದ ಕರ್ತವ್ಯಗಳು. ಇವು ಒಂದಕ್ಕೊಂದು ಪೂರಕವೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಒಂದು ಜೀವಕ್ಕೆ ನೀಡುವ ಔಷಧವು ಮತ್ತೊಂದು ಜೀವದ ಅಭಯವನ್ನು ಕಸಿದು ಸಿದ್ಧವಾದುದಾದರೆ ಶ್ರಾವಕನ ಧರ್ಮವೇನು? ಮಕ್ಕಳ ಮಿದುಳುಜ್ವರವನ್ನು ಕುರಿತ ಸಂಶೋಧನೆಯು ಈ ಪ್ರಶ್ನೆಯನ್ನು ನೇರವಾಗಿ ಮುಂದಿಡುತ್ತದೆ.

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣೆಹಳ್ಳದ ದಂಡೆಯ ಊರು. ಅಲ್ಲಿಯ ಚಾಂಗದೇವರ ಜಾತ್ರೆಗೆ ಹಿಂದೂ ಮುಸಲ್ಮಾನರಿಬ್ಬರೂ ಬರುತ್ತಾರೆ. ಹಳ್ಳದ ನೀರಿನಲ್ಲಿ ಮಿಂದರೆ ಚರ್ಮವ್ಯಾಧಿ ನೀಗುವುದೆಂಬುದು ಭಕ್ತರ ನಂಬಿಕೆ. ಚರ್ಮವ್ಯಾಧಿಯುಳ್ಳವನು ಜಾತ್ರೆಯ ದಿನದವರೆಗೆ ಕಾದಾನು. ಮಿದುಳಿನ ಸೋಂಕು ಕಾಯುವುದಿಲ್ಲ. ಅಂಥ ಊರಿನ ಮಗುವೊಂದು ಜ್ವರ, ವಾಂತಿ, ಸೆಳೆತಗಳಿಂದ ಪ್ರಜ್ಞೆ ತಪ್ಪಿದರೆ ಹುಬ್ಬಳ್ಳಿಯ ಕಿಮ್ಸ್‌ನಂತಹ ದೊಡ್ಡ ಆಸ್ಪತ್ರೆಯನ್ನು ಒಡನೆ ಸೇರಬೇಕು. ಹರಕೆ ಮನಸ್ಸಿಗೆ ಧೈರ್ಯ ಕೊಡಬಹುದು. ಆದರೆ ಹರಕೆಯ ಹೆಸರಿನಲ್ಲಿ ಮಾಡಿದ ವಿಳಂಬವು ಪ್ರಮಾದವೇ ಸರಿ.

ಇಂತಹ ಮಿದುಳುಜ್ವರಗಳಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಪ್ರಮುಖವಾದುದು. ಇದರ ವೈರಾಣು ಹಂದಿ ಮತ್ತು ಕೊಕ್ಕರೆ ಜಾತಿಯ ಪಕ್ಷಿಗಳಲ್ಲಿ ವೃದ್ಧಿಯಾಗಿ, ಭತ್ತದ ಗದ್ದೆಯಂತಹ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಗಳ ಮೂಲಕ ಮನುಷ್ಯನಿಗೆ ತಗಲುತ್ತದೆ. ಸೋಂಕು ತಗಲಿದವರಲ್ಲಿ ಬಹುಪಾಲು ಜನರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಆದರೆ ಮಿದುಳಿಗೆ ಉರಿಯೂತ ತಗಲಿತೆಂದರೆ 100ರಲ್ಲಿ 30 ಮಂದಿಯವರೆಗೆ ಸಾಯುವರು. ಬದುಕಿದವರಲ್ಲಿ ಹಲವರಿಗೆ ಪಾರ್ಶ್ವವಾಯು, ಅಪಸ್ಮಾರ, ಬುದ್ಧಿಮಾಂದ್ಯಗಳು ಜೀವನಪರ್ಯಂತ ಉಳಿಯುತ್ತವೆ. ವೈರಾಣುವನ್ನೇ ನಾಶಮಾಡುವ ಔಷಧವಿಲ್ಲ. ಆದುದರಿಂದ ಲಸಿಕೆಯೇ ಮುಖ್ಯ ರಕ್ಷೆ.

ಆ ಲಸಿಕೆ ಬಂದ ದಾರಿ ವಿಚಾರಾರ್ಹ. ಭಾರತದಲ್ಲಿ ಈ ರೋಗವು 1955ರಲ್ಲಿ ವೆಲ್ಲೂರಿನ ಭಾಗದಲ್ಲಿ ಗುರುತಿಸಲ್ಪಟ್ಟಿತು. ಬಳಿಕ ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಲಸಿಕೆಗೆ ಇಲಿಯ ಮಿದುಳೇ ಮೂಲದ್ರವ್ಯ. ಇಲಿಗಳ ಮಿದುಳಿಗೆ ವೈರಾಣುವನ್ನು ಚುಚ್ಚಿ, ಅವುಗಳಿಗೆ ರೋಗ ಬರಿಸಿ, ಕೊಂದು, ಮಿದುಳನ್ನು ತೆಗೆದು ಶುದ್ಧಗೊಳಿಸಿ ಲಸಿಕೆ ಮಾಡುತ್ತಿದ್ದರು. ಮಗುವಿನ ಮಿದುಳನ್ನು ಕಾಯಲು ಇಲಿಯ ಮಿದುಳನ್ನು ಕೆಡಿಸಲಾಗುತ್ತಿತ್ತು.

ಇದು ಯಾವ ಬಗೆಯ ಹಿಂಸೆ? ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕರಲ್ಲಿ ಗೃಹಸ್ಥನು ಸರ್ವಥಾ ತೊರೆಯಬೇಕಾದುದು ಸಂಕಲ್ಪೀ ಹಿಂಸೆ. ಇಲಿಯನ್ನು ಕೊಂದುದು ಆಕಸ್ಮಿಕವಲ್ಲ. ಆದುದರಿಂದ ಅದನ್ನು ಆರಂಭೀ ಎನ್ನಲಾಗದು. ಆತ್ಮರಕ್ಷಣೆಗಾಗಿ ಮಾಡಿದ ವಿರೋಧೀ ಹಿಂಸೆ ಎನ್ನೋಣವೆಂದರೆ ಇಲಿಯು ಮಗುವಿನ ಮೇಲೆ ಆಕ್ರಮಣ ಮಾಡಿದುದಲ್ಲ. ಉದ್ದೇಶ ಒಳ್ಳೆಯದೆಂಬ ಕಾರಣಕ್ಕೆ ಕೃತ್ಯದ ಹೆಸರು ಬದಲಾಗುವುದಿಲ್ಲ. ಈ ಮಟ್ಟಿಗೆ ಲಸಿಕೆಯನ್ನು ಶಂಕಿಸಿದ ಶ್ರಾವಕರ ಮನಸ್ಸಾಕ್ಷಿ ಗೌರವಾರ್ಹವೇ.

ಹಾಗೆಂದು ಲಸಿಕೆಯನ್ನು ನಿರಾಕರಿಸಿದರೆ ಅಹಿಂಸೆ ಸಿದ್ಧಿಸಿತೇ? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ ಪ್ರಮಾದವನ್ನು ಅದಕ್ಕೆ ಕಾರಣವಾಗಿ ಸೇರಿಸಿದೆ. ತನ್ನ ಆಶ್ರಯದಲ್ಲಿರುವ, ತನ್ನ ಪರವಾಗಿ ತಾನೇ ನಿರ್ಧರಿಸಲಾರದ ಮಗುವನ್ನು ತಿಳಿದೂ ಅಪಾಯಕ್ಕೆ ಒಡ್ಡುವುದು ಪ್ರಮಾದವಲ್ಲದೆ ಮತ್ತೇನು? ತಂದೆತಾಯಿಗಳ ವ್ರತದ ಬೆಲೆಯನ್ನು ಮಗು ತನ್ನ ಮಿದುಳಿನಿಂದ ತೆರುವಂತಾಗಬಾರದು. ಲಸಿಕೆ ಸ್ವೀಕಾರ್ಯ, ಆದರೆ ಅದರ ಹಿಂದಿನ ಹಿಂಸೆ ಅನುಮೋದನೀಯವಲ್ಲ. ಕೃತ, ಕಾರಿತ, ಅನುಮೋದನೆ ಎಂಬ ವಿಭಾಗದ ಸೂಕ್ಷ್ಮತೆ ಇಲ್ಲಿ ಉಪಯುಕ್ತ. ಸ್ವೀಕರಿಸಿದವನು ನಿಶ್ಚಿಂತನಾದರೆ ಅನುಮೋದನೆಯಾಯಿತು. ಹಿಂಸೆಯನ್ನು ಕಡಿಮೆಮಾಡುವ ಋಣವನ್ನು ಹೊತ್ತರೆ ಅದು ಯತ್ನಾಚಾರ.

ಈ ಋಣ ತೀರಿಸುವುದು ಅಸಾಧ್ಯವೇನಲ್ಲ. ಇಲಿಮಿದುಳಿನ ಲಸಿಕೆ ಈಗ ನಮ್ಮ ದೇಶದಲ್ಲಿ ಬಳಕೆಯಲ್ಲಿಲ್ಲ. 2005ರಲ್ಲಿ ಗೋರಖಪುರ ಸೀಮೆಯಲ್ಲಿ ಸಾವಿರಕ್ಕೂ ಮಿಕ್ಕಿ ಸಾವುಗಳಾದ ಮೇಲೆ, 2006ರಿಂದ ಹ್ಯಾಮ್‌ಸ್ಟರ್ ಎಂಬ ಸಣ್ಣ ಪ್ರಾಣಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸಿದ ಚೀನಾದ ಲಸಿಕೆಯನ್ನು ಹಾಕಲಾಯಿತು. 2013ರಲ್ಲಿ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆಯು ಜೆನ್‌ವ್ಯಾಕ್ ಲಸಿಕೆಯನ್ನು ಹೊರತಂದಿತು. ಅದರ ವೈರಾಣುತಳಿ ಕರ್ನಾಟಕದ ಕೋಲಾರದ ರೋಗಿಯೊಬ್ಬರಿಂದ ದೊರೆತುದು. ಅದನ್ನು ಬೆಳೆಸುವುದು ವೀರೋ ಜೀವಕೋಶಗಳಲ್ಲಿ; 1962ರಲ್ಲಿ ಜಪಾನಿನಲ್ಲಿ ಒಂದು ಆಫ್ರಿಕನ್ ಹಸಿರು ಕೋತಿಯ ಮೂತ್ರಪಿಂಡದಿಂದ ತೆಗೆದ ಆ ಕೋಶಗಳ ಸಂತತಿ ಇಂದಿಗೂ ಬೆಳೆಯುತ್ತಿದೆ. ವೈರಾಣುವನ್ನು ಬೆಳೆಸಲು ಪ್ರತಿ ಬಾರಿಯೂ ಹೊಸ ಪ್ರಾಣಿಗಳನ್ನು ಕೊಲ್ಲಬೇಕಾಗಿಲ್ಲ. ಲಸಿಕೆಗಳ ಪರೀಕ್ಷೆಯಲ್ಲಿ ಪ್ರಾಣಿಗಳ ಬಳಕೆ ಪೂರ್ತಿ ನಿಂತಿಲ್ಲವಾದರೂ ಹಿಂಸೆ ತಗ್ಗಿದೆ. ಸಂಶೋಧನೆಯನ್ನು ತೊರೆದಿದ್ದರೆ ಈ ತಗ್ಗುವಿಕೆಯೂ ಆಗುತ್ತಿರಲಿಲ್ಲ.

ಸಂಶೋಧನೆಗೆ ಒಳಗಾಗುವ ಮಗುವಿನ ವಿಷಯವೂ ಇದೇ ತಕ್ಕಡಿಯಲ್ಲಿ ತೂಗತಕ್ಕದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳಂತೆ ತಂದೆತಾಯಿಗಳ ಒಪ್ಪಿಗೆಯ ಜೊತೆಗೆ ಏಳು ವರ್ಷ ಮೀರಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಪ್ರಜ್ಞೆ ತಪ್ಪಿದ ಮಗು ಸಮ್ಮತಿಸಲಾರದು, ನಿರಾಕರಿಸಲೂ ಆರದು. ಅದರ ಮೌನವನ್ನು ಒಪ್ಪಿಗೆಯೆಂದು ಎಣಿಸದೆ, ಚಿಕಿತ್ಸೆಗೆ ಬೇಕಾದುದಕ್ಕಿಂತ ಹೆಚ್ಚಿನ ನೋವನ್ನು ಕೊಡದಿರುವುದೇ ಸಂಶೋಧಕನ ಅಣುವ್ರತ.

ಬಸದಿಗಳ ಟ್ರಸ್ಟುಗಳು ಔಷಧದಾನದ ನಿಧಿಯನ್ನು ಔಷಧದ ಬೆಲೆಗಷ್ಟೇ ಮೀಸಲಿಡದೆ, ಮಿದುಳುಜ್ವರದಿಂದ ಬದುಕಿ ನಡಿಗೆ ಮಾತುಗಳನ್ನು ಕಳೆದುಕೊಂಡ ಮಕ್ಕಳ ಪುನರ್ವಸತಿಗೂ ವಿನಿಯೋಗಿಸುವುದು ಉಚಿತ. ಆಸ್ಪತ್ರೆ ಬಿಡುಗಡೆ ಮಾಡಿದ ಮೇಲೆ ಆ ಮಕ್ಕಳ ಭಾರ ತಾಯಂದಿರ ತೋಳಿನ ಮೇಲೆಯೇ ಬೀಳುತ್ತದೆ. ಸೊಳ್ಳೆಪರದೆ ಹಂಚುವುದು, ಊರಿನ ನಿಂತ ನೀರನ್ನು ಹರಿಯಬಿಡುವುದು ಅಲ್ಪಹಿಂಸೆಯ ಉಪಾಯಗಳು. ಪ್ರಾಣಿಗಳಿಲ್ಲದೆ ನಡೆಯುವ ಪರೀಕ್ಷಾವಿಧಾನಗಳ ಶೋಧಕ್ಕೆ ಧನಸಹಾಯ ಮಾಡಿದರೆ ಶಾಸ್ತ್ರದಾನ, ಔಷಧದಾನ, ಅಭಯದಾನ ಮೂರೂ ಒಟ್ಟಿಗೆ ಸಂದಂತಾಗುವುದು. ಮಗುವಿಗೆ ಲಸಿಕೆ ಹಾಕಿಸಿದ ಶ್ರಾವಕನು ಹೆಸರಿಲ್ಲದ ಆ ಜೀವಗಳಿಗೆ ಸಲ್ಲಿಸಬಹುದಾದ ಕ್ಷಮಾಯಾಚನೆ ಇದೇ.